ಒಳಲೆಯ ನೀರು

ಆ ಊರಿಗೆ ಎರಡು ಬಾಗಿಲು. ತೆಂಕಣ ಬಾಗಿಲಿನಿಂದ ಹೆಣ ಹೋಗುತ್ತಿತ್ತು, ಬಡಗಣ ಬಾಗಿಲಿನಿಂದ ನೀರು ಇಳಿಯದವರು ಹೋಗುತ್ತಿದ್ದರು. ಉಳಿದವರು ಎರಡರ ನಡುವೆ ಉಂಡುಟ್ಟುಕೊಂಡು, ಜಗಳವಾಡಿಕೊಂಡು, ಮಕ್ಕಳಿಗೆ ಮದುವೆ ಮಾಡಿಕೊಂಡು ಇದ್ದರು. ಊರಿನ ಹೆಸರು ಕೇಳಬೇಡಿ. ಹೇಳಿದರೆ 'ಸದ್ಯ, ನಮ್ಮೂರಲ್ಲ' ಎಂದು ನೀವು ಹಾಯಾಗಿ ಮಗ್ಗುಲು ಬದಲಿಸುತ್ತೀರಿ.

ಊರಿನ ಕಟ್ಟಳೆ ಒಂದೇ. ಸಾಯುವವರ ಬಾಯಿಗೆ ಅವರ ರಕ್ತ ಹಂಚಿಕೊಂಡವರು ಒಬ್ಬೊಬ್ಬರಾಗಿ ಬಂದು ನೀರು ಬಿಡಬೇಕು. ಬಿಟ್ಟ ನೀರು ಗಂಟಲಿನಲ್ಲಿ ಇಳಿದರೆ ಹೋಗುವವರಿಗೆ ಅವರ ಮೇಲೆ ಮುನಿಸಿಲ್ಲವೆಂದು ಅರ್ಥ. ನೀರು ಇಳಿಯದೆ ಕಟಬಾಯಿಯಿಂದ ಹೊರಗೆ ಸುರಿಯಿತೋ, ಹೆಣ ತೆಂಕಣ ಬಾಗಿಲು ದಾಟುವ ಹೊತ್ತಿಗೆ ಆ ನೀರು ಬಿಟ್ಟವರು ಬಡಗಣ ಬಾಗಿಲು ದಾಟಬೇಕು. ಮತ್ತೆ ಆ ಊರಿನ ಬಾವಿಯ ನೀರು ಅವರಿಗಿಲ್ಲ. ನೀರು ಬಿಡದೆ ಬರಿಗೈಯಲ್ಲಿ ಬಂದವರಿಗೂ ಬಡಗಣ ಬಾಗಿಲೇ.

ನೀರು ಬಿಡುವುದು ಒಳಲೆಯಲ್ಲಿ. ಕೂಸಿಗೆ ಹಾಲು, ಹರಳೆಣ್ಣೆ ಕುಡಿಸುವ, ಕೊಕ್ಕಿನಂಥ ಮೂತಿಯ ಆ ಪುಟ್ಟ ಬಟ್ಟಲನ್ನು ಮಕ್ಕಳು ದೊಡ್ಡವರಾದ ಮೇಲೂ ಆ ಊರಿನಲ್ಲಿ ಯಾರೂ ಎಸೆಯುತ್ತಿರಲಿಲ್ಲ. ಅಟ್ಟದ ಮೇಲೆ ಅರಿವೆಯಲ್ಲಿ ಸುತ್ತಿ ಇಡುತ್ತಿದ್ದರು. ತಾಯಿ ಯಾವುದರಲ್ಲಿ ಕುಡಿಸಿದಳೋ ಅದರಲ್ಲೇ ಮಕ್ಕಳು ತಿರುಗಿ ಕುಡಿಸಬೇಕು. ಕೇಳುವುದಕ್ಕೇನೋ ಚೆಂದವಾಗಿಯೇ ಇದೆ.

ನೀರು ಬಿಡುವ ದಿನ ಹಾಸಿಗೆಯ ಪಕ್ಕದಲ್ಲಿ ಗಂಟಲು ನೋಡುವವನು ನಿಲ್ಲುತ್ತಿದ್ದ. ಗಂಟಲ ಮಣಿ ಮೇಲೆದ್ದು ಕೆಳಗೆ ಬಂದರೆ 'ಇಳೀತು' ಎಂದು ಕೂಗುತ್ತಿದ್ದ. ಅಂಗಳದಲ್ಲಿ ನೆರೆದವರು 'ಇಳೀತು, ಇಳೀತು, ಋಣ ಇಳೀತು' ಎನ್ನುತ್ತಿದ್ದರು. ಆಮೇಲೆ ಮುಂದಿನವರು. ಮತ್ತೆ ಇಳೀತು. ಕೊನೆಯವರದೂ ಇಳಿದರೆ ಅಂಗಳದ ಒಲೆಯ ಮೇಲೆ ಅನ್ನಕ್ಕೆ ಎಸರು ಇಡುತ್ತಿದ್ದರು.

ಹೆದರಿಕೆಯಿಂದಲಾದರೂ ಮಕ್ಕಳು ಹೆತ್ತವರನ್ನು ನೋಡಿಕೊಳ್ಳಲಿ ಎಂದು ಹಿರಿಯರು ಈ ಕಟ್ಟಳೆ ಮಾಡಿದರಂತೆ. ಗಣೇಶನನ್ನು ಮಾಡಲು ಹೋಗಿ ಅವರ ಅಪ್ಪನನ್ನು ಮಾಡಿದ ಕತೆ. ಯಾರಾದರೂ ಏಳದ ಹಾಗೆ ಹಾಸಿಗೆ ಹಿಡಿದರೆ ಮನೆಯವರು ಮೊದಲು ಮಾಡುತ್ತಿದ್ದ ಕೆಲಸ ಬಾಗಿಲು ಮುಂದೆ ಮಾಡುವುದು. ಹತ್ತಿರ ಕೂತರೆ ಮಾತು ಬರುತ್ತದೆ, ಮಾತಿಗೆ ಮಾತು ಬೆಳೆದರೆ ಹಳೆಯದೆಲ್ಲ ಕೆದರುತ್ತದೆ, ಹಳೆಯದು ಕೆದರಿದರೆ ಗಂಟಲು ಬಿಗಿಯುತ್ತದೆ. ಯಾಕೆ ಬೇಕು? ಕಿಟಕಿಯಲ್ಲಿ ಗಂಜಿ ಇಡುತ್ತಿದ್ದರು, ಕಿಟಕಿಯಿಂದಲೇ ಬಟ್ಟಲು ತೆಗೆದುಕೊಳ್ಳುತ್ತಿದ್ದರು. ಒಳಗೆ ಮಲಗಿದವರು ಸೂರಿನ ಗಳು ನೋಡುತ್ತ ಮಲಗಿರುತ್ತಿದ್ದರು. ಹೊರಗಿನವರು ಹಗಲೆಲ್ಲ ಒಳಲೆ ತಿಕ್ಕಿ ತಿಕ್ಕಿ ಫಳಫಳ ಮಾಡುತ್ತಿದ್ದರು.

ಬಾಗಿಲು ತೆಗೆದು ಒಳಗೆ ಹೋಗುತ್ತಿದ್ದವಳು ಒಬ್ಬಳೇ. ಅವಳು ಯಾರಿಗೂ ಹೆತ್ತ ತಾಯಿಯಲ್ಲ, ಆದರೂ ಊರೆಲ್ಲ ಅವಳನ್ನು ನೀರವ್ವ ಎನ್ನುತ್ತಿತ್ತು. ನೀರವ್ವ ಹೊಸಿಲು ತುಳಿದಳೆಂದರೆ ಹೋದ ಜೀವ ಬಂದ ಹಾಗಾಗುತ್ತಿತ್ತು. ಸಾಯುವವರಿಗಲ್ಲ, ಹೊರಗಿದ್ದವರಿಗೆ. ಅವಳು ನೀರು ಬಿಡುವ ಹಿಂದಿನ ದಿನವೇ ಬಂದು, ಒದ್ದೆ ಅರಿವೆಯಿಂದ ತುಟಿ ಒರೆಸಿ, ತುಪ್ಪ ಸವರಿ ಗಂಟಲು ಮೆತ್ತಗೆ ಮಾಡುತ್ತಿದ್ದಳು. ಮಾರನೆಯ ದಿನ ಸಾಯುವವರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂರುತ್ತಿದ್ದಳು. ಸೆರಗನ್ನು ಇಳಿಬಿಟ್ಟು, ಅದರ ಮರೆಯಲ್ಲಿ ಬಲಗೈಯ ಹೆಬ್ಬೆರಳನ್ನು ಒಂದು ದವಡೆಗೂ ನಡುಬೆರಳನ್ನು ಇನ್ನೊಂದು ದವಡೆಗೂ ಒತ್ತಿದರೆ ಬಾಯಿ ತಾನಾಗಿ ತೆರೆಯುತ್ತಿತ್ತು. ನೀರು ಬಿದ್ದ ಮೇಲೆ ಎಡಗೈ ಬೆರಳಿನಿಂದ ಗಂಟಲನ್ನು ಮೇಲಿಂದ ಕೆಳಕ್ಕೆ ನೀವುತ್ತಿದ್ದಳು. ಹಠ ಮಾಡುವ ಕೂಸಿಗೆ ಹರಳೆಣ್ಣೆ ಕುಡಿಸುವ ಪಟ್ಟೇ ಅದು. ಕೂಸು ಎಷ್ಟು ಕೊಸರಾಡಿದರೂ ನುಂಗಲೇಬೇಕು.

ಗಂಟಲು ನೋಡುವವನಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಅವನಿಗೂ ಮುದಿ ತಂದೆಯಿದ್ದ, ಬೆಳೆದ ಮಕ್ಕಳಿದ್ದರು. ಹೀಗಾಗಿ ಅವನು ಗಂಟಲನ್ನು ಮಾತ್ರ ನೋಡುತ್ತಿದ್ದ. ನೀರವ್ವ ಈ ಕೆಲಸಕ್ಕೆ ಕೈ ಹಾಕಿದಾಗಿನಿಂದ ಬಡಗಣ ಬಾಗಿಲಿನ ಕೀಲಿಗೆ ತುಕ್ಕು ಹತ್ತಿತ್ತು.

ನೀರವ್ವ ಕೆಟ್ಟವಳಲ್ಲ ಎಂದು ಇಲ್ಲೇ ಹೇಳಿಬಿಡಬೇಕು. ಅಂಗಳದಲ್ಲಿ ಒಳಲೆ ಹಿಡಿದು ಸರದಿಗೆ ನಿಂತ ಮಕ್ಕಳ ಮುಖ ನೋಡಿದರೆ ಅವಳ ಕರುಳು ಚುರುಕ್ ಎನ್ನುತ್ತಿತ್ತು. 'ಹೋಗೋರು ಹೋಯ್ತಾರೆ, ಇರೋರಿಗೆ ನೆಮ್ಮದಿ ಬ್ಯಾಡ್ವಾ' ಎನ್ನುತ್ತಿದ್ದಳು. ಅವಳ ಬಾಯಲ್ಲಿ ಎಲ್ಲರಿಗೂ ಒಂದೊಂದು ಸಮಾಧಾನದ ಮಾತಿರುತ್ತಿತ್ತು. ಸತ್ತವರೆಲ್ಲ ಅವಳ ಪ್ರಕಾರ ನಗುನಗುತ್ತಲೇ ಸತ್ತಿದ್ದರು. ಅದನ್ನು ಕೇಳಿ ಕೇಳಿ ಊರಿನವರು ದಪ್ಪಗಾಗಿದ್ದರು.

ಹೀಗಿರುವಾಗ ಕೌದಿ ಹೊಲಿಯುವ ಮುದುಕಿ ಹಾಸಿಗೆ ಹಿಡಿದಳು.

ಊರಿನಲ್ಲಿ ಅವಳ ಕೌದಿ ಹೊದೆಯದ ಮನೆಯಿರಲಿಲ್ಲ. ಅವಳಿಗೊಬ್ಬ ಮಗ, ಒಬ್ಬಳು ಮಗಳು. ಮಗ ಮೇಲಿನ ಬೀದಿ, ಮಗಳು ಕೆಳಗಿನ ಬೀದಿ. ಅವ್ವ ಮಲಗಿದಾಗಿನಿಂದ ಇಬ್ಬರೂ ಸರದಿಯ ಮೇಲೆ ಕಿಟಕಿಗೆ ಗಂಜಿ ತಂದಿಟ್ಟು ಹೋಗುತ್ತಿದ್ದರು. ಒಂದು ದಿನವೂ ತಪ್ಪಿಸಿದವರಲ್ಲ. ಗಂಜಿ ಆರಿದ್ದಿಲ್ಲ, ಉಪ್ಪು ಹೆಚ್ಚಿದ್ದಿಲ್ಲ. ಮುದುಕಿ ಒಂದು ಗುಟುಕನ್ನೂ ಇಳಿಸದಾದಾಗ ಬಟ್ಟಲು ತುಂಬಿದ್ದು ತುಂಬಿದ ಹಾಗೇ ವಾಪಸು ಬಂತು. ಮಗ ನೀರವ್ವನ ಮನೆಗೆ ಓಡಿದ.

ನೀರವ್ವ ಬಾಗಿಲು ತೆಗೆದು ಒಳಗೆ ಹೋದಾಗ ಮಧ್ಯಾಹ್ನ. ಅರಿವೆ ಒದ್ದೆ ಮಾಡಿಕೊಂಡು ತುಟಿಗೆ ತಂದಳು. ಮುದುಕಿ ಮುಖ ಆಚೆ ತಿರುಗಿಸಿದಳು.

"ಒರೆಸಿದ್ದು ಸಾಕು. ಅತ್ಲಾಗೆ ಕೆಳಗಿಟ್ಟು ಕೂತ್ಕೊ."

ನೀರವ್ವ ಅರಿವೆ ಕೆಳಗಿಟ್ಟಳು. ಕೂತಳು. ಕೂತ ಮೇಲೆ ಕೈಯನ್ನು ಎಲ್ಲಿಡಬೇಕೆಂದು ತೋಚಲಿಲ್ಲ. ಮೊಣಕಾಲ ಮೇಲಿಟ್ಟಳು, ತೆಗೆದಳು, ಕೌದಿಯ ಅಂಚು ಸರಿಮಾಡಿದಳು. ಸಾಯುವವರ ಹತ್ತಿರ ಅವಳು ಅಷ್ಟು ವರ್ಷ ಓಡಾಡಿದ್ದಳು, ಆದರೆ ಕೆಲಸವಿಲ್ಲದೆ ಕೂತದ್ದು ಅದೇ ಮೊದಲು.

"ಏನೂ ಆಗಕ್ಕಿಲ್ಲ ಕಣಕ್ಕ" ಎಂದಳು, ಬಾಯಿಗೆ ಬಂದದ್ದು.

"ಆಯ್ತದೆ" ಎಂದಳು ಮುದುಕಿ. "ಸಾಯ್ತೀನಿ. ಅದು ನಂಗೂ ಗೊತ್ತು, ನಿಂಗೂ ಗೊತ್ತು. ನನ್ ಮಕ್ಳಿಗೂ ಗೊತ್ತು. ಗೊತ್ತಿರೋದನ್ನ ಯಾರೂ ಹೇಳಾಕಿಲ್ಲ." ಅವಳು ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡಳು. "ನಂಗೆ ಹೆದರಿಕೆ ಆಯ್ತದೆ ಕಣೆ."

ನೀರವ್ವನ ತೊಡೆಯ ಮೇಲೆ ತಲೆಯಿಟ್ಟು ಹೋದವರಲ್ಲಿ ಯಾರೂ ಹೀಗೆ ಹೇಳಿರಲಿಲ್ಲ. ಅಥವಾ ಹೇಳಬೇಕೆಂದಿದ್ದಾಗ ಅವರ ದವಡೆ ಅವಳ ಕೈಯಲ್ಲಿತ್ತು. ಈ ಎರಡನೆಯ ಯೋಚನೆಯನ್ನು ಅವಳು ಹಾವು ಕಂಡವಳ ಹಾಗೆ ಅಲ್ಲೇ ಬಿಟ್ಟು ಹಿಂದೆ ಸರಿದಳು.

"ನನ್ ಕೈ ಹಿಡ್ಕೊಳಕ್ಕ" ಎಂದು ಕೈ ಚಾಚಿದಳು.

"ನಿನ್ ಕೈ ಬ್ಯಾಡ. ಬೇಜಾರು ಮಾಡ್ಕೋಬ್ಯಾಡ. ನನ್ ಮಕ್ಳ ಕೈ ಬೇಕು. ಇಬ್ರಲ್ಲಿ ಯಾರಾದ್ರೂ ಆಗ್ಲಿ, ಒಬ್ರು ಬರಿಗೈಲಿ ಬಂದು ಇಲ್ಲಿ ಕೂತ್ಕೊಳ್ಳಿ. ಮಾತಾಡ್ದಿದ್ರೂ ಆಯ್ತು. ಆ ಕೈ ಹಿಡ್ಕೊಂಡು ಹೋಯ್ತೀನಿ. ನೀರು ಹಿಡ್ಕೊಂಡು ಬಂದ್ರೆ ಬಾಯಿ ಬಿಡಾಕಿಲ್ಲ ಅಂತ ಹೇಳು. ಹಲ್ಲು ಕಚ್ಕೊತಿದ್ದೆ, ಹಲ್ಲಿಲ್ಲ. ವಸಡು ಕಚ್ಕೊತೀನಿ."

ಇಷ್ಟು ಹೇಳಿ ಮುದುಕಿ ನಕ್ಕಳು. ನಕ್ಕದ್ದಕ್ಕೆ ಕೆಮ್ಮು ಬಂತು. ಕೆಮ್ಮು ನಿಂತಾಗ ಅವಳ ಬಲಗೈ ಕೌದಿಯ ಮೇಲೆ ಅಂಗಾತ ಬಿದ್ದಿತ್ತು, ಬೆರಳುಗಳು ಬಿಚ್ಚಿಕೊಂಡಿದ್ದವು.

ನೀರವ್ವ ಮೇಲಿನ ಬೀದಿಗೆ ಹೋದಳು. ಮಗ ಜಗುಲಿಯಲ್ಲಿ ಕೂತು ಹುಣಸೆಹಣ್ಣು ಹಚ್ಚಿ ಒಳಲೆ ತಿಕ್ಕುತ್ತಿದ್ದ.

"ಅವ್ವ ನಿನ್ನ ನೋಡ್ಬೇಕಂತಾವ್ಳೆ ಕಣಪ್ಪ. ಈಗಲೇ ಬಂದು ಸುಮ್ಕೆ ಒಂದ್ಗಳಿಗೆ ಕೂತು ಹೋಗು."

"ಸುಮ್ಕೆ ಕೂತ್ಕೊಳಾದಾ?" ಎಂದ ಮಗ. "ಬ್ಯಾಡ ನೀರವ್ವ. ಅಪ್ಪ ಸತ್ತಾಗ ನಾನು ಅಂದ ಮಾತು ಅವಳ ಎದೇಲಿ ಇನ್ನೂ ಐತೆ. ಹತ್ರ ಹೋದ್ರೆ ಅದೇ ನೆಪ್ಪಾಯ್ತದೆ. ನಂಗೂ ಸಂಸಾರ ಐತೆ. ಊರು ಬಿಟ್ಟು ಎಲ್ಲಿಗೋಗ್ಲಿ? ನಿನ್ ಕೈ ಐತಲ್ಲ, ನೀನೇ ದಡ ಹತ್ತಿಸ್ಬೇಕು."

'ನಿಮ್ಮವ್ವಂಗೆ ಹೆದರಿಕೆ ಆಗ್ತೈತೆ' ಎನ್ನಬೇಕೆಂದು ನೀರವ್ವ ಬಾಯಿ ತೆರೆದಳು. ಆ ಮಾತು ಹೇಳಿ ಅಭ್ಯಾಸವಿಲ್ಲದ ನಾಲಿಗೆ. "ಆಗ್ಲಪ್ಪ, ಯೋಚ್ನೆ ಮಾಡ್ಬ್ಯಾಡ" ಎಂದು ಬಂತು.

ಕೆಳಗಿನ ಬೀದಿಯಲ್ಲಿ ಮಗಳು ನೀರವ್ವನನ್ನು ಕಂಡದ್ದೇ ಅಳತೊಡಗಿದಳು. ಸುಳ್ಳು ಅಳುವಲ್ಲ. ದಿನಾ ಗಂಜಿ ಇಟ್ಟ ಮೇಲೆ ಬಾಗಿಲವರೆಗೆ ಹೋಗಿ, ಅಗುಳಿಯ ಮೇಲೆ ಕೈಯಿಟ್ಟು ವಾಪಸು ಬರುತ್ತೇನೆ ಎಂದಳು. ಒಳಗೆ ಅವ್ವ ಕೆಮ್ಮುವುದು ಕೇಳಿಸುತ್ತದೆ, ಹೊರಗೆ ನಿಂತು ತಾನೂ ಕೆಮ್ಮುತ್ತೇನೆ, ಇದ್ದೇನೆ ಅಂತ ಗೊತ್ತಾಗಲಿ ಅಂತ, ಎಂದಳು.

"ಅಷ್ಟು ಆಸೆ ಇದ್ರೆ ಒಳಕ್ಕೆ ಹೋಗೇ ತಾಯಿ."

"ಹೋದ್ರೆ ನಾನು ತಡ್ಕೊಳಾಕಿಲ್ಲ. ಹೋಗ್ಬ್ಯಾಡ ಅಂತ ಅವ್ವನ್ನ ತಬ್ಕೊಂಡುಬಿಡ್ತೀನಿ. ಹಂಗೆ ಮಾಡಿದ್ರೆ ಗಂಟಲು ಕಟ್ತದಂತೆ. ನಿಜನಾ ನೀರವ್ವ?"

ನಿಜವೇ ಎಂದು ಊರೆಲ್ಲ ನಂಬಿತ್ತು. ನೀರವ್ವನೂ ನಂಬಿದ್ದಳು, ಆ ಮಧ್ಯಾಹ್ನದವರೆಗೆ. ಆದರೆ 'ಸುಳ್ಳು, ಹೋಗು' ಎನ್ನಲು ಧೈರ್ಯ ಸಾಲಲಿಲ್ಲ. ತನ್ನ ಮಾತು ಕೇಳಿ ಅವಳು ಹೋಗಿ, ನಾಳೆ ನೀರು ಇಳಿಯದಿದ್ದರೆ? "ನಾಳೆ ನೋಡುವಂತೆ ಬಿಡು" ಎಂದಳು. ಮಗಳ ಕಣ್ಣು ಒರೆಸಿ ಮನೆಗೆ ಬಂದಳು.

ಮಾರನೆಯ ಬೆಳಿಗ್ಗೆ ಅಂಗಳ ತುಂಬಿತು. ಗಂಟಲು ನೋಡುವವನು ಬಂದು ಜಾಗ ಹಿಡಿದ. ನೀರವ್ವ ಮುದುಕಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಮುದುಕಿಗೆ ಮಾತು ನಿಂತಿತ್ತು, ಕಣ್ಣು ನಿಂತಿರಲಿಲ್ಲ. ಕಣ್ಣು ಬಾಗಿಲನ್ನು ನೋಡುತ್ತಿತ್ತು. ಬಂದವರ ಮುಖವನ್ನಲ್ಲ, ಕೈಯನ್ನು.

ಮಗ ಬಂದ. ಕೈಯಲ್ಲಿ ಒಳಲೆ.

ಮುದುಕಿ ವಸಡು ಕಚ್ಚಿದಳು. ನೀರವ್ವನ ಬೆರಳಿಗೆ ಅದು ಗೊತ್ತಾಯಿತು. ಎಷ್ಟೋ ದವಡೆ ಹಿಡಿದ ಕೈಗೆ ಇಂಥ ಬಿಗಿ ಹೊಸದಾಗಿತ್ತು. ಅದರಲ್ಲಿ ಕೋಪವಿರಲಿಲ್ಲ, ಬೇಡಿಕೆಯಿತ್ತು. ಬಿಟ್ಟುಬಿಡಲೇ ಎಂದುಕೊಂಡಳು. ಮಗನ ಮುಖ ನೋಡಿದಳು. ಅವನ ಬೆನ್ನ ಹಿಂದೆ ಹೆಂಡತಿ ಕಂಕುಳಲ್ಲಿ ಕೂಸು ಎತ್ತಿಕೊಂಡು ನಿಂತಿದ್ದಳು. ಬೆರಳು ಒತ್ತಿತು. ಬಾಯಿ ತೆರೆಯಿತು. ನೀರು ಬಿತ್ತು.

"ಇಳೀತು!"

"ಇಳೀತು, ಇಳೀತು, ಋಣ ಇಳೀತು" ಎಂದಿತು ಅಂಗಳ. ಮಗ ನೀರವ್ವನ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡು ಹೊರಗೆ ಓಡಿದ. ತಾಯಿಯ ಪಾದ ಪಕ್ಕದಲ್ಲೇ ಇತ್ತು. ಗಾಬರಿಯಲ್ಲಿ ಅದು ಅವನಿಗೆ ಕಾಣಲಿಲ್ಲ.

ಮಗಳು ಬಂದಳು. ಕೈಯಲ್ಲಿ ಒಳಲೆ. ಹೊಸಿಲು ದಾಟಿ ಎರಡು ಹೆಜ್ಜೆ ಇಟ್ಟು ನಿಂತಳು. ಮುದುಕಿಯ ಬಲಗೈ ಕೌದಿಯ ಮೇಲೆ ಅತ್ತಿತ್ತ ಹರಿದಾಡತೊಡಗಿತ್ತು. ಬೆರಳುಗಳು ಏನನ್ನೋ ಮುಟ್ಟಿ, ಅದಲ್ಲವೆಂದು ಬಿಟ್ಟು, ಮತ್ತೆ ಮುಂದೆ ತಡಕುತ್ತಿದ್ದವು. ಮಗಳು ಆ ಕೈಯನ್ನೇ ನೋಡಿದಳು. ಆಮೇಲೆ ಬಗ್ಗಿ ಒಳಲೆಯನ್ನು ನೆಲದ ಮೇಲಿಟ್ಟಳು. ಇಟ್ಟು, ಬರಿಗೈ ಮುಂದೆ ಮಾಡಿಕೊಂಡು ಬಂದಳು.

ಅಂಗಳದಲ್ಲಿ ಗುಸುಗುಸು ಎದ್ದಿತು. ಗಂಟಲು ನೋಡುವವನು ತಲೆಯೆತ್ತಿದ. "ಏನಿದು? ಬರಿಗೈಲಿ ಬಂದ್ರೆ ಏನಾಯ್ತದೆ ಗೊತ್ತಲ್ಲ ತಾಯಿ? ಬಡಗಣ ಬಾಗಿಲು ತೆಗೆಸ್ಬೇಕಾಯ್ತದೆ."

ಮಗಳಿಗೆ ಅದು ಕೇಳಿಸಿತೋ ಇಲ್ಲವೋ. ಮುದುಕಿ ಅವಳ ಕೈ ಕಂಡಳು. ನೀರವ್ವನ ಬೆರಳಿನ ಕೆಳಗೆ ಆ ದವಡೆ ಸಡಿಲವಾಯಿತು. ಬೆಳಗಿನಿಂದ ಬಿಗಿದುಕೊಂಡಿದ್ದ ಇಡೀ ಮೈ ಹಿಟ್ಟಿನ ಹಾಗೆ ಮೆತ್ತಗಾಯಿತು. ತಾಯಿಯ ಕೈಗೂ ಮಗಳ ಕೈಗೂ ಇನ್ನು ಗೇಣು ದೂರ.

ಆಗ ನೀರವ್ವ ಮಾಡಿದ್ದನ್ನು ಹೇಳುವುದಕ್ಕೇ ನನಗೆ ಸಂಕಟ. ಅವಳು ಅದನ್ನು ಪ್ರೀತಿಯಿಂದ ಮಾಡಿದಳು. ಅಯ್ಯೋ, ಹುಡುಗಿ ತಪ್ಪು ಮಾಡುತ್ತಿದ್ದಾಳೆ, ದುಃಖದಲ್ಲಿ ಬುದ್ಧಿ ಕೆಟ್ಟಿದೆ, ಊರು ಬಿಟ್ಟು ಬೀದಿಪಾಲಾಗುತ್ತಾಳೆ ಎಂದು ಅವಳ ಕರುಳು ಕೂಗಿತು. ಎಷ್ಟೋ ವರ್ಷದಿಂದ ಮಕ್ಕಳನ್ನು ಕಾಯ್ದ ಕೈ ತಾನೇ ಮುಂದಾಯಿತು. ನೆಲದ ಮೇಲಿದ್ದ ಒಳಲೆಯನ್ನು ಎತ್ತಿ ಆ ಬರಿಗೈಯಲ್ಲಿ ತುರುಕಿತು, ಅದರ ಬೆರಳುಗಳನ್ನು ಮಡಚಿ, ಮುದುಕಿಯ ಬಾಯಿಯ ಮೇಲಕ್ಕೆ ಎಳೆದು ಬಗ್ಗಿಸಿತು. ಇನ್ನೊಂದು ಕೈ ದವಡೆ ಒತ್ತಿತು. ನೀರು ಬಿತ್ತು.

"ಇಳೀತು!" ಎಂದ ಗಂಟಲು ನೋಡುವವನು, ಬೆವರು ಒರೆಸಿಕೊಳ್ಳುತ್ತ.

"ಇಳೀತು, ಇಳೀತು, ಋಣ ಇಳೀತು!"

ಆ ಗದ್ದಲದಲ್ಲೇ ಮುದುಕಿಯ ಉಸಿರು ನಿಂತಿತು. ಕೈ ಕೌದಿಯ ಅಂಚು ಹಿಡಿದುಕೊಂಡಿತ್ತು. ಅಂಗಳದಲ್ಲಿ ಎಸರು ಇಟ್ಟರು.

ಹೆಣವನ್ನು ತೆಂಕಣ ಬಾಗಿಲಿಗೆ ಹೊತ್ತು ಹೊರಟಾಗ ಮಗಳು ಅದರ ಹಿಂದೆ ಹೋಗಲಿಲ್ಲ. ಅವಳು ಉಟ್ಟ ಸೀರೆಯಲ್ಲೇ ಬಡಗಣ ಬಾಗಿಲ ಕಡೆಗೆ ನಡೆದುಬಿಟ್ಟಳು. ನೀರವ್ವ ಏದುಸಿರು ಬಿಡುತ್ತ ಹಿಂದೆ ಓಡಿದಳು. ಬಾಗಿಲ ಹತ್ತಿರ ಸೆರಗು ಹಿಡಿದು ನಿಲ್ಲಿಸಿದಳು.

"ಎಲ್ಲಿಗೆ ಹೊಂಟೆ? ನಿನ್ ನೀರು ಇಳೀತಲ್ಲ!"

"ಅವ್ವ ಕುಡೀಲಿಲ್ಲ. ನೀನು ಕುಡಿಸ್ದೆ." ಮಗಳ ಕಣ್ಣು ಒಣಗಿತ್ತು. "ನೀರು ಇಳೀದೆ ಇರೋಳು ಊರಲ್ಲಿ ಹೆಂಗಿರ್ಲಿ?"

"ಹುಚ್ಚಿ, ಹಂಗನ್ನಬಾರ್ದು."

"ಒಂದು ಕೇಳ್ತೀನಿ, ನಿಜ ಹೇಳು ನೀರವ್ವ. ನಿನ್ನೆ ನೀನು ಅವಳ ಹತ್ರ ಕೂತಿದ್ದೆ. ನಿಂಗೊಬ್ಬಳಿಗೇ ಗೊತ್ತಿರೋದು. ಅವ್ವನ ಕೈ ಹಂಗೆ ತಡಕ್ತಿತ್ತಲ್ಲ, ಅದು ನನ್ನ ಹುಡುಕ್ತಿತ್ತಾ? ಅವ್ವಂಗೆ ಹೆದರಿಕೆ ಆಗಿತ್ತಾ?"

ನೀರವ್ವನ ಎದೆಯಲ್ಲಿ ಆ ಮಧ್ಯಾಹ್ನದ ಮಾತು ಇದ್ದಂತೆಯೇ ಇತ್ತು. ಹೌದು, ಹೆದರಿದ್ದಳು. ಹೌದು, ನಿನ್ನ ಕೈ ಬೇಕೆಂದಿದ್ದಳು. ಅದು ಮುದುಕಿ ಬಿಟ್ಟುಹೋದ ಒಂದೇ ಒಂದು ಆಸ್ತಿ, ಮಗಳಿಗೆ ಸೇರಬೇಕಾದದ್ದು. ಹೇಳಿದರೆ ಮಗಳ ಎದೆ ಒಡೆಯುತ್ತದೆ, ಆದರೆ ಅವ್ವ ಸಿಗುತ್ತಾಳೆ. ನೀರವ್ವನಿಗೆ ಅಷ್ಟು ಗೊತ್ತಾಯಿತು. ಮಗಳ ಮುಖ ನೋಡಿದಳು. ಆ ಮುಖದಲ್ಲಿ ಅಂಥ ನೋವಿತ್ತು. ನೋವು ಕಂಡರೆ ನೀರವ್ವನ ಬಾಯಿ ಅವಳ ಮಾತು ಕೇಳುತ್ತಿರಲಿಲ್ಲ.

"ಹೆದರಿಕೆನಾ? ನಿಮ್ಮವ್ವಂಗಾ?" ಎಂದು ನಕ್ಕಳು. "ಒಳ್ಳೆ ಹೇಳ್ದೆ ಬಿಡು! ಅವಳು ಕೌದಿ ಹೊಲ್ದವಳು ಕಣೆ. ಸಾಯೋ ಕಾಲಕ್ಕೂ ಅದೇ ಗ್ಯಾನ. ಕೈ ಹುಡುಕ್ತಿದ್ದುದು ಸೂಜಿನ!"

ಮಗಳು ಅವಳನ್ನೇ ನೋಡಿದಳು. "ಸೂಜಿನಾ?"

"ಸೂಜಿ ಕಣವ್ವ. ನಿನ್ನೆನೂ ಅದೇ, 'ನನ್ ಸೂಜಿ ಎಲ್ಲಿ, ಸೂಜಿ ಎಲ್ಲಿ' ಅಂತ. ನಗ್ತಾ ಇದ್ಲು."

ಮಗಳ ತುಟಿ ಸೊಟ್ಟಗಾಯಿತು. ಅಳು ಬಂತು, ಅಳುವಿನ ನಡುವೆ ನಗು ಬಂತು. "ಅವ್ವ ಯಾವಾಗ್ಲೂ ಹಂಗೇ. ಬಾಯಲ್ಲಿ ಸೂಜಿ ಕಚ್ಕೊಂಡು ಊರೆಲ್ಲ ಹುಡುಕೋಳು" ಎಂದಳು. ಎರಡೂ ಕೈಯಿಂದ ಮುಖ ಒರೆಸಿಕೊಂಡಳು. "ನಾನೇ ಏನೇನೋ ಅಂದ್ಕೊಂಡೆ. ಎದೆ ಹಗುರ ಮಾಡಿದೆ ನೀರವ್ವ, ನಿನ್ ಹೊಟ್ಟೆ ತಣ್ಣಗಿರ್ಲಿ."

ಅವಳು ಬಡಗಣ ಬಾಗಿಲಿಗೆ ಬೆನ್ನು ಹಾಕಿ ಊರೊಳಕ್ಕೆ ನಡೆದಳು. ಅಷ್ಟು ಹೊತ್ತಿಗೆ ಅನ್ನ ಬೆಂದಿತ್ತು. ಬಹಳ ದಿನದ ಮೇಲೆ ಅವಳು ಹೊಟ್ಟೆ ತುಂಬ ಉಂಡಳಂತೆ.

ಸೂಜಿಯ ಕತೆ ಊರಿಗೆ ಬಹಳ ಹಿಡಿಸಿತು. ಕೌದಿ ಹೊದೆಯುವಾಗ ನೆನೆಯುತ್ತಿದ್ದರು, ಮಕ್ಕಳಿಗೆ ಹೇಳಿ ನಗಿಸುತ್ತಿದ್ದರು. ಯಾರಾದರೂ ಮಲಗಿದಲ್ಲಿಂದ ಕೈಯಾಡಿಸಿದರೆ 'ನೋಡು, ಇವನೂ ಸೂಜಿ ಹುಡುಕ್ತಾವ್ನೆ' ಎಂದು ಕಿಟಕಿಯಿಂದಲೇ ನೋಡಿ ಸಮಾಧಾನಪಟ್ಟುಕೊಂಡು ಹೋಗುತ್ತಿದ್ದರು. ಕತೆ ಹೇಳುವವರಲ್ಲಿ ಮಗಳೇ ಮೊದಲಿಗಳು. ಎಲ್ಲರೂ ಕೂಡಿದ ಕಡೆ ಹೇಳಿ ಮುಗಿಸಿ, ಅನುಮಾನವೆಂದಲ್ಲ, ಇನ್ನೊಮ್ಮೆ ಕೇಳುವ ಆಸೆಗೆ, "ಅಲ್ವಾ ನೀರವ್ವ?" ಎನ್ನುತ್ತಿದ್ದಳು.

"ಹೂಂ ಕಣವ್ವ," ಎನ್ನುತ್ತಿದ್ದಳು ನೀರವ್ವ, "ಸೂಜಿನೇ."